ಅಲ್ಯೂಮಿನಿಯಂ ಬಿಟ್ಟು ಸ್ಟೀಲ್ ಮೋಕಾ ಪಾಟ್: ಕಾರಣ ಕಾಫಿ ಅಲ್ಲ, ನೀರು

ವಿಜಯಪುರದ ನಮ್ಮ ಮನೆಯಲ್ಲಿ ಕಾಫಿ ಕುಡಿಯುವವನು ನಾನೊಬ್ಬನೇ, ಉಳಿದವರೆಲ್ಲ ಚಹಾ. ಬೆಂಗಳೂರಿನ ನಾಲ್ಕು ವರ್ಷದ ನೌಕರಿಯಲ್ಲಿ ಅಂಟಿದ ಚಟ ಇದು. ಊರಿಗೆ ಬರುವಾಗ 900 ರೂಪಾಯಿ ಕೊಟ್ಟು ಎಂಟು ಮೂಲೆಯ ಅಲ್ಯೂಮಿನಿಯಂ ಮೋಕಾ ಪಾಟ್ ತಂದೆ. ಅಂದರೆ ಒಲೆ ಮೇಲಿಡುವ ಕಾಫಿ ಪಾತ್ರೆ, ತಳದ ನೀರು ಹಬೆಯ ಒತ್ತಡಕ್ಕೆ ಪುಡಿಯ ಮೂಲಕ ಮೇಲೇರಿ ಕಾಫಿಯಾಗುತ್ತದೆ. 1933ರಲ್ಲಿ ಇಟಲಿಯ ಅಲ್ಫೊನ್ಸೊ ಬಿಯಾಲೆಟ್ಟಿ ಹೊರತಂದ ಮೂಲ ಪಾಟ್ ಕೂಡ ಅಲ್ಯೂಮಿನಿಯಂದೇ. ನನ್ನದು ಅದರ ನಕಲು.

ಎರಡು ವರ್ಷ ಸುಖವಾಗಿ ನಡೆಯಿತು. ಬೆಳಿಗ್ಗೆ ಐದೂವರೆಗೆ ಎದ್ದು, ಹೆಚ್ಚಾದ ಹಬೆ ಹೊರಬಿಡುವ ವಾಲ್ವ್‌ಗಿಂತ ಚೂರು ಕೆಳಗೆ ಬರುವಷ್ಟು ನೀರು ಹಾಕುವುದು. ಪುಡಿ ಒತ್ತಬಾರದು, ಬೆರಳಿಂದ ಸುಮ್ನೆ ಸಮ ಮಾಡಬೇಕು. ಪಾಟಿನ ತಳ ಸಣ್ಣದು, ಒಲೆಯ ಕಾಲುಗಳ ನಡುವೆ ಜಾರುತ್ತದೆ. ಅದಕ್ಕೇ ಬದನೆಕಾಯಿ ಸುಡುವ ಜಾಳಿ ಇಟ್ಟು, ಅದರ ಮೇಲೆ ಪಾಟ್. ಸಣ್ಣ ಉರಿ. ಮುಚ್ಚಳ ತೆಗೆದು ನೋಡುತ್ತಾ ನಿಲ್ಲುತ್ತೇನೆ. ನಾಲ್ಕು ನಿಮಿಷಕ್ಕೆ ನಡುವಿನ ಕೊಳವೆಯಿಂದ ಕಪ್ಪು ಡಿಕಾಕ್ಷನ್ ನಿಧಾನಕ್ಕೆ ಉಕ್ಕಿ ಇಳಿಯುತ್ತದೆ. ಬಣ್ಣ ತಿಳಿಯಾಗಿ ಗುಳುಗುಳು ಅಂದ ಕೂಡಲೇ ಇಳಿಸಬೇಕು, ಇಲ್ಲಾಂದ್ರೆ ಕಹಿ. ಆ ಸಪ್ಪಳಕ್ಕೆ ಅವ್ವ, "ಏನೋ ಇದು, ಗಿರಣಿ ಹಂಗ ಒದರತೈತಲ್ಲೋ" ಅನ್ನುತ್ತಿದ್ದಳು. ಅಂದ ಹಾಗೆ, ಡಬ್ಬಿ ಮೇಲಿನ '3 ಕಪ್' ನಂಬಬೇಡಿ. ಅದು ಇಟಲಿಯ ಪುಟ್ಟ ಕಪ್ಪಿನ ಲೆಕ್ಕ. ಹಾಲು ಬೆರೆಸಿದರೆ ನಮ್ಮ ಲೋಟದಲ್ಲಿ ಎರಡಾಗುತ್ತದೆ, ಅಷ್ಟೇ.

ಎಲ್ಲಾ ಕೆಡಿಸಿದ್ದು ನೀರು. ನಮ್ಮ ಓಣಿಗೆ ನಳದ ನೀರು ದಿನಾ ಬರುವುದಿಲ್ಲ. ಬಾರದ ದಿನ ಬೋರಿನದೇ ಗತಿ, ಅದು ಸವಳು. ಅದರ ಮೇಲೆ ನನ್ನ ಸೋಮಾರಿತನ. ಸಂಜೆ ಕುಡಿದು ಪಾಟ್ ಬಿಚ್ಚದೆ ಹಾಗೇ ಬಿಟ್ಟು ಮಲಗುವುದು. ಒಂದಿನ ತಿರುಗಿಸಿ ನೋಡಿದರೆ ತಳದಲ್ಲಿ ಬಿಳಿ ಬೂದಿಯಂಥ ಪೊರೆ, ಅದರೊಳಗೆ ಸೂಜಿ ಚುಚ್ಚಿದ ಹಾಗೆ ಕಪ್ಪು ಕಪ್ಪು ತೂತು. ವಾಲ್ವ್ ಸುತ್ತ ಉಪ್ಪು ಕಟ್ಟಿತ್ತು. ಅದನ್ನು ನೋಡಿ ಹೆದರಿದೆ. ವಾಲ್ವ್ ಮುಚ್ಚಿಕೊಂಡು ಮೇಲಿನ ದಾರಿಯೂ ಕಟ್ಟಿದರೆ ಹಬೆ ಎಲ್ಲಿಗೆ ಹೋಗಬೇಕು?

ಅವ್ವ ಹುಣಸೆಹಣ್ಣು ಹಾಕಿ ತಿಕ್ಕಿದಳು. ಪಾಟ್ ಥಳಥಳ. ಆದರೆ ಮೂರು ದಿನ ಕಾಫಿ ತಾಟು ನೆಕ್ಕಿದ ಹಾಗಿತ್ತು. ಹುಳಿ ತಾಗಿದರೆ ಅಲ್ಯೂಮಿನಿಯಂ ಮೇಲಿನ ರಕ್ಷಣೆಯ ಪದರವೇ ಕರಗಿಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಸಾರು ಇಡಬಾರದು ಅಂತ ಇಡೀ ಓಣಿಗೆ ಹೇಳುವವಳೂ ಅವ್ವನೇ!

ಆಮೇಲೆ 2,200 ಕೊಟ್ಟು ಸ್ಟೀಲಿನದು ತಗೊಂಡೆ. ಎಲ್ಲಾ ಸ್ಟೀಲೂ ಇಂಡಕ್ಷನ್ ಒಲೆಗೆ ಆಗುವುದಿಲ್ಲ, ಹಾಗಾಗಿ ಫ್ರಿಜ್ ಮೇಲಿನ ಮ್ಯಾಗ್ನೆಟ್ ಕಿಸೆಯಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿದ್ದೆ. ಅಂಟಿತು, ಅಂದರೆ ಇಂಡಕ್ಷನ್ನಿಗೂ ಆಗುತ್ತದೆ. ಮೊದಲ ತಿಂಗಳು ಮಾತ್ರ ದುಡ್ಡು ಹೋಯಿತಲ್ಲ ಅಂತ ಹೊಟ್ಟೆ ಉರಿಯಿತು. ಸ್ಟೀಲ್ ಬಿಸಿ ದಾಟಿಸುವುದು ಬಹಳ ನಿಧಾನ, ಏಳು ನಿಮಿಷ ಬೇಕು. ಅಷ್ಟರಲ್ಲಿ ಪುಡಿ ಸೀದ ವಾಸನೆ. ಹಿಡಿಕೆಯೂ ಸ್ಟೀಲು, ಎರಡು ಸಲ ಬೆರಳು ಸುಟ್ಟಿತು. ಮಾರಿಬಿಡೋಣ ಅಂತಲೇ ಇದ್ದೆ.

ಪರಿಹಾರ ಪಕ್ಕದ ಒಲೆಯಲ್ಲೇ ಇತ್ತು. ಅವ್ವನ ಚಹಾದ ನೀರು ಕುದಿಯುತ್ತಿರುತ್ತದೆ, ಅಲ್ವಾ? ಅವಳು ಪುಡಿ ಹಾಕುವ ಮುಂಚೆ ಅದರಿಂದ ಎರಡು ಸೌಟು ಎತ್ತಿ ಪಾಟಿಗೆ ಹಾಕಿ, ಬಟ್ಟೆ ಹಿಡಿದು ತಿರುವಿ ಕೂರಿಸುತ್ತೇನೆ. ಎರಡೂವರೆ ನಿಮಿಷಕ್ಕೆ ಕಾಫಿ, ಸೀದ ವಾಸನೆ ಇಲ್ಲ. ರುಚಿ ಅಲ್ಯೂಮಿನಿಯಂದಕ್ಕಿಂತ ಕೂದಲೆಳೆಯಷ್ಟು ಕಮ್ಮಿ ಅಂತ ನನಗೆ ಈಗಲೂ ಅನಿಸುತ್ತದೆ. ಆದರೆ ಸವಳು ಕಟ್ಟಿದರೆ ತಲೆಬಿಸಿಯಿಲ್ಲ. ನೀರಿಗೆ ಅರ್ಧ ಲಿಂಬೆ ಹಿಂಡಿ, ಪುಡಿ ಹಾಕದೆ ಒಂದು ಸಲ ಕುದಿಸಿದರೆ ಒಳಗೆಲ್ಲ ಕನ್ನಡಿ. ನಮ್ಮ ಜಿಲ್ಲೆಯ ಇಂಡಿ ಲಿಂಬೆಗೆ ಊರಿನ ಹೆಸರಿಗೆ ಹಕ್ಕು ಕೊಡುವ ಜಿಐ ಟ್ಯಾಗೇ ಇದೆ, ನಾನು ಅದನ್ನು ಪಾಟ್ ತೊಳೆಯಲು ಬಳಸುತ್ತಿದ್ದೇನೆ!

ನಿಮ್ಮಲ್ಲಿ ಸಿಹಿನೀರು, ಗ್ಯಾಸ್ ಒಲೆ, ಕುಡಿದ ಕೂಡಲೇ ತೊಳೆದು ಒರೆಸುವ ರೂಢಿ ಇದ್ದರೆ ಅಲ್ಯೂಮಿನಿಯಂದೇ ತಗೊಳ್ಳಿ, ಸುಮ್ನೆ ಜಾಸ್ತಿ ದುಡ್ಡು ಹಾಕಬೇಡಿ. ಬೋರಿನ ನೀರು, ನನ್ನಂಥ ಆಲಸಿ ಅಂದರೆ ಸ್ಟೀಲು.

ಒಂದು ಗೋಳು ಉಳಿದಿದೆ. ಒಳಗಿನ ರಬ್ಬರ್ ರಿಂಗ್ ಗಟ್ಟಿಯಾಗಿ ಈಗ ಹಬೆ ಬದಿಯಿಂದ ಸೋರುತ್ತಿದೆ. ಕುಕ್ಕರ್ ರಿಪೇರಿಯವರ ಹತ್ತಿರ ಒಯ್ದೆ. ಅವರು ಪಾಟನ್ನು ತಿರುವಿ ಮುರುವಿ ನೋಡಿ, "ಇಷ್ಟು ಸಣ್ಣ ಕುಕ್ಕರ್ ಎಲ್ಲಿ ತಂದ್ರಿ? ಅನ್ನ ಎಷ್ಟ್ ಮಂದೀಗ ಆಕ್ಕೈತಿ?" ಅಂದರು.