ಬೇಡವಾದ ಇ-ಮೇಲ್ ಮುಚ್ಚಲು ಹೋಗಿ ಹಳೆಯ ಮನೆಯ ಫೋಟೊಗಳೆಲ್ಲ ಹೋದವು

ಜಿಮೇಲ್ ಮುಚ್ಚುವುದು ಬೇರೆ, ಗೂಗಲ್ ಖಾತೆ ಮುಚ್ಚುವುದು ಬೇರೆ. ಈ ವ್ಯತ್ಯಾಸ ತಿಳಿಯದವರ ಮುಂದೆ ಕುಳಿತು "ಈ ಮೇಲ್ ಬೇಡ, ತೆಗೆದುಬಿಡಿ" ಎಂದು ದಯವಿಟ್ಟು ಯಾರೂ ಹೇಳಬೇಡಿ. ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಕಾಕಾ ಅವರಿಗೆ ಆದದ್ದು ಇನ್ನೊಬ್ಬರ ಮನೆಯಲ್ಲಿ ಆಗಬಾರದೆಂದು, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಕಾಕಾ ನಿವೃತ್ತ ಹೈಸ್ಕೂಲ್ ಮಾಸ್ತರರು. ಹಳೆ ಬಾಗಲಕೋಟೆಯಲ್ಲಿ ನಮ್ಮ ಹಿರಿಯರ ಮನೆಯಿತ್ತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಅದು ಹೋಯಿತು, ಮನೆಯವರು ನವನಗರಕ್ಕೆ ಬಂದರು. ಊರು ಬಿಡುವ ಮೊದಲು ತೆಗೆಸಿದ ಫೋಟೊಗಳಿದ್ದವು. ಪಡಸಾಲೆಯ ಕಂಬಗಳು, ಅಂಗಳದಲ್ಲಿ ಜೋಳ ಕೇರುತ್ತಾ ಕುಳಿತ ಅಜ್ಜಿ, ಹೋಳಿಯಲ್ಲಿ ಮನೆಯ ಮುಂದೆ ಬಂದು ನಿಂತ ಬಣ್ಣದ ಬಂಡಿ. ಒಂದು ಫೋಟೊದಲ್ಲಿ ಬಾಗಿಲ ಪಕ್ಕದ ಗೋಡೆಗೆ ಸರ್ವೆಯವರು ಬಣ್ಣದಲ್ಲಿ ಬರೆದ ನಂಬರು, ಅದರ ಕೆಳಗೆ ಕೈಕಟ್ಟಿ ನಿಂತ ಅಜ್ಜ. ಆಲ್ಬಮ್ಮಿಗೆ ಗೆದ್ದಲು ಹತ್ತಿದಾಗ ಉಳಿದವನ್ನೆಲ್ಲ ಕಾಕಾ ಸ್ಟುಡಿಯೊದಲ್ಲಿ ಸ್ಕ್ಯಾನ್ ಮಾಡಿಸಿ ತಮ್ಮ ಗೂಗಲ್ ಖಾತೆಗೆ ಹಾಕಿಸಿದ್ದರು. ಪರಿಹಾರದ ಕಾಗದಗಳ ಪ್ರತಿಗಳೂ ಅದೇ ಖಾತೆಯಲ್ಲಿ ಕಡತಗಳನ್ನಿಡುವ ಜಾಗವಾದ ಡ್ರೈವ್‌ನಲ್ಲಿದ್ದವು.

ಉಚಿತ ಗೂಗಲ್ ಖಾತೆಗೆ ಸಿಗುವ ಜಾಗ 15 ಜಿಬಿ. ಅದನ್ನು ಮೇಲ್, ಡ್ರೈವ್, ಫೋಟೊ ಮೂರೂ ಹಂಚಿಕೊಳ್ಳುತ್ತವೆ. ಕಾಕಾ ಅವರ ಖಾತೆ ತುಂಬಿತ್ತು. ಜಾಗ ತುಂಬಿದರೆ ಹೊಸ ಮೇಲ್ ಬರುವುದು ನಿಲ್ಲುತ್ತದೆ. ಪಿಂಚಣಿಯ ಕೆಲಸಕ್ಕೆ ಆನ್‌ಲೈನ್ ಸೆಂಟರಿಗೆ ಹೋದಾಗ ಬರಬೇಕಾದ ಮೇಲ್ ಬರಲಿಲ್ಲ. ಅಲ್ಲಿದ್ದ ಹುಡುಗ ಹೊಸದೊಂದು ವಿಳಾಸ ಮಾಡಿಕೊಟ್ಟ. "ಹಳೆಯದರಲ್ಲಿ ಬರೀ ಜಾಹೀರಾತು ತುಂಬಿದೆ ಸರ್, ಶಾಶ್ವತವಾಗಿ ತೆಗೆದುಬಿಡಲೇ?" ಎಂದು ಕೇಳಿದ. ಮೇಲ್ ತಾನೇ ಎಂದು ಕಾಕಾ ಹೂಂ ಎಂದರು.

ಅವನು ಏನೇನು ಒತ್ತಿದ ಎಂಬುದನ್ನು ನಂತರ ಅವನ ಎದುರಿಗೇ ಕುಳಿತು ಕೇಳಿ ತಿಳಿದುಕೊಂಡೆ. ಗೂಗಲ್ ಖಾತೆಯ 'ಡೇಟಾ ಮತ್ತು ಗೌಪ್ಯತೆ' ವಿಭಾಗದಲ್ಲಿ ಎರಡು ದಾರಿಗಳಿವೆ. ಒಂದು, ಗೂಗಲ್‌ನ ಯಾವುದಾದರೂ ಒಂದು ಸೇವೆಯನ್ನಷ್ಟೇ ಅಳಿಸುವುದು. ಇನ್ನೊಂದು, ಇಡೀ ಖಾತೆಯನ್ನೇ ಅಳಿಸುವುದು. ಅವನು ಎರಡನೆಯದಕ್ಕೆ ಹೋಗಿದ್ದ. ಆ ಪುಟ ಎಚ್ಚರಿಕೆ ಕೊಡದೆ ಕೆಲಸ ಮುಗಿಸುವುದಿಲ್ಲ. ಏನೇನು ಹೋಗುತ್ತದೆ ಎಂಬ ಪಟ್ಟಿಯನ್ನು ತೋರಿಸುತ್ತದೆ. ಕೆಳಗೆ ಎರಡು ಚೌಕಗಳಿರುತ್ತವೆ. ಬಾಕಿ ಹಣದ ವ್ಯವಹಾರಕ್ಕೆ ನಾನೇ ಹೊಣೆ ಎಂಬುದಕ್ಕೆ ಒಂದು, ಖಾತೆಯನ್ನೂ ಅದರ ಎಲ್ಲ ಮಾಹಿತಿಯನ್ನೂ ಶಾಶ್ವತವಾಗಿ ಅಳಿಸಲು ಒಪ್ಪಿದ್ದೇನೆ ಎಂಬುದಕ್ಕೆ ಇನ್ನೊಂದು. ಎರಡಕ್ಕೂ ಟಿಕ್ ಹಾಕದೆ ಗುಂಡಿ ಕೆಲಸ ಮಾಡುವುದಿಲ್ಲ. ಹುಡುಗ ಎರಡಕ್ಕೂ ಟಿಕ್ ಹಾಕಿದ, ಒಂದು ಸಾಲನ್ನೂ ಓದಿ ಹೇಳಲಿಲ್ಲ. ಕಾಕಾ ಕೌಂಟರಿನ ಈಚೆ ನಿಂತಿದ್ದರು, ಪರದೆ ಅವರ ಕಡೆ ತಿರುಗಿರಲೇ ಇಲ್ಲ. ಒಂದು ಕೋಣೆಗೆ ಬೀಗ ಹಾಕು ಎಂದರೆ ಇಡೀ ವಾಡೆಯನ್ನೇ ಕೆಡವಿ ಕೈಗೆ ರಸೀದಿ ಕೊಟ್ಟ ಹಾಗಾಯಿತು.

ಮನೆಗೆ ಬಂದು ಮೊಬೈಲ್ ನೋಡಿದರೆ ಫೋಟೊಗಳಿಲ್ಲ. ಮೊಬೈಲಿನಲ್ಲಿಯೇ ಪ್ರತಿ ಇರಬೇಕಲ್ಲ ಎಂದು ನೀವು ಕೇಳಬಹುದು. ಗೂಗಲ್ ಫೋಟೋಸ್‌ನಲ್ಲಿ ಜಾಗ ತೆರವು ಮಾಡುವ ಸೌಲಭ್ಯವೊಂದಿದೆ. ಬ್ಯಾಕಪ್ ಆದ ಫೋಟೊಗಳನ್ನು ಅದು ಮೊಬೈಲಿನಿಂದ ತೆಗೆದುಹಾಕುತ್ತದೆ. ಮೊಬೈಲ್ ನಿಧಾನವಾಯಿತೆಂದು ಯಾರೋ ಅದನ್ನು ಹಿಂದೆಯೇ ಬಳಸಿಕೊಟ್ಟಿದ್ದರು. ಹೀಗಾಗಿ ಉಳಿದದ್ದು ಖಾತೆಯಲ್ಲಿದ್ದ ಪ್ರತಿ ಮಾತ್ರ.

ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಮುಂದಿನ ಮಾತಿಗೆ. ಕಾಕಾ ಮತ್ತೆ ಸೆಂಟರಿಗೆ ಹೋಗಿ ಕೇಳಿದಾಗ, "ಸ್ವಲ್ಪ ದಿನ ಕಾಯಿರಿ, ತಾನೇ ವಾಪಸು ಬರುತ್ತದೆ" ಎಂದು ಹೇಳಿ ಕಳಿಸಿದ್ದರು. ತಾನೇ ಏನೂ ಬರುವುದಿಲ್ಲ! ಅಳಿಸಿದ ಗೂಗಲ್ ಖಾತೆಯನ್ನು ಅಲ್ಪ ಅವಧಿಯೊಳಗೆ ನಾವೇ ಹೋಗಿ ಕೇಳಿದರೆ ಮಾತ್ರ ಮರಳಿ ಸಿಗುವ ಸಾಧ್ಯತೆಯಿದೆ, ಅದೂ ಖಾತರಿಯಿಲ್ಲ. ಗೂಗಲ್‌ನ ಖಾತೆ ಮರುಪಡೆಯುವ ಪುಟಕ್ಕೆ ಹೋಗಿ ಹಳೆಯ ವಿಳಾಸ, ನೆನಪಿರುವ ಕೊನೆಯ ಪಾಸ್‌ವರ್ಡ್ ಕೊಡಬೇಕು. ಸಾಮಾನ್ಯವಾಗಿ ಬಳಸುವ ಮೊಬೈಲಿನಿಂದ, ಮನೆಯಲ್ಲಿಯೇ ಕುಳಿತು ಪ್ರಯತ್ನಿಸಿದರೆ ಗುರುತು ಸಿಗುವುದು ಸುಲಭ. ಅಮೂಲ್ಯವಾದ ಆ ದಿನಗಳನ್ನು ಕಾಕಾ ಒಂದು ಸುಳ್ಳು ಭರವಸೆಯನ್ನು ನಂಬಿ ಕಳೆದರು.

ನನಗೆ ವಿಷಯ ತಿಳಿದ ಕೂಡಲೇ ಪ್ರಯತ್ನಿಸಿದೆ. ಪರಿಶೀಲನೆಯ ಸಂಕೇತವನ್ನು ಯಾವುದೋ ಬೇರೆ ಮೊಬೈಲಿಗೆ ಕಳಿಸುವುದಾಗಿ ಪರದೆ ತೋರಿಸಿತು. ಕೊನೆಯ ಎರಡು ಅಂಕಿ ನಮ್ಮ ಮನೆಯ ಯಾವ ನಂಬರಿಗೂ ಹೊಂದಲಿಲ್ಲ. ವರ್ಷಗಳ ಹಿಂದೆ ಆ ಮೇಲ್ ತೆರೆದುಕೊಟ್ಟ ಇನ್ನೊಂದು ಅಂಗಡಿಯವರು ತಮ್ಮದೇ ನಂಬರು ಹಾಕಿಬಿಟ್ಟಿದ್ದರು. ಆ ಅಂಗಡಿ ಈಗ ಇಲ್ಲ. ಕೊನೆಗೆ ಖಾತೆಯನ್ನು ಮರಳಿ ಪಡೆಯಲಾಗದು ಎಂಬ ಉತ್ತರವೇ ಬಂತು. ಅಜ್ಜ ನಿಂತಿದ್ದ ಆ ಫೋಟೊ ಈಗ ಯಾರ ಬಳಿಯೂ ಇಲ್ಲ.

ಇಷ್ಟಕ್ಕೆ ಮುಗಿಯಲಿಲ್ಲ. ಕಾಕಾ ಅವರ ಮಗ ಗಾಬರಿಯಲ್ಲಿ ಗ್ರಾಹಕ ಸೇವೆಯ ನಂಬರು ಹುಡುಕಿ ಒಂದಕ್ಕೆ ಫೋನ್ ಹಚ್ಚಿದ. ಆ ಕಡೆಯವನು ತುಂಬ ಮರ್ಯಾದೆಯಿಂದ ಮಾತನಾಡಿದ. ಖಾತೆ ಖಂಡಿತ ಸಿಗುತ್ತದೆ, ಮೊದಲು ಈ ಆ್ಯಪ್ ಹಾಕಿಕೊಳ್ಳಿ, ನಂತರ ಹಣ ಕಳಿಸುವ ಆ್ಯಪ್ ತೆರೆದು ಸಣ್ಣ ಶುಲ್ಕ ಕಟ್ಟಿ ಎಂದ. ನಮ್ಮ ಪರದೆಯನ್ನು ಅವನಿಗೆ ತೋರಿಸುವ ಆ್ಯಪ್ ಅದು. ನಾನು ಪಕ್ಕದಲ್ಲೇ ಇದ್ದೆ, ಫೋನ್ ಕಸಿದುಕೊಂಡು ಕರೆ ಕಡಿದೆ. ಉಚಿತ ಜಿಮೇಲ್ ಖಾತೆಯನ್ನು ಮರಳಿ ಕೊಡಿಸಲು ಗೂಗಲ್ ಯಾವ ಫೋನ್ ನಂಬರನ್ನೂ ಇಟ್ಟಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ. ಇಂಥವರ ಕೈಗೆ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ಅಪರಾಧದ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಹಾಗಾದರೆ ಬೇಡವಾದ ಮೇಲ್ ಅನ್ನು ಏನು ಮಾಡಬೇಕು? ಮೊದಲು, ಅದನ್ನು ಮುಚ್ಚಲೇಬೇಕೇ ಎಂದು ನೋಡಿ. ಕಾಕಾ ಅವರ ತೊಂದರೆ ಜಾಗದ್ದಾಗಿತ್ತು. ದೊಡ್ಡ ಅಡಕಗಳಿದ್ದ (ಅಟ್ಯಾಚ್‌ಮೆಂಟ್) ಮೇಲ್‌ಗಳನ್ನು ಹುಡುಕಿ ತೆಗೆದು, ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದರೆ ಸಾಕಾಗುತ್ತಿತ್ತು.

ಮುಚ್ಚಲೇಬೇಕೆಂದಿದ್ದರೆ ಮೊದಲು ಗೂಗಲ್ ಟೇಕ್‌ಔಟ್ ಎಂಬ ಪುಟದಿಂದ ಎಲ್ಲ ಫೋಟೊ, ಕಾಗದ, ಮೇಲ್‌ಗಳ ಪ್ರತಿ ಇಳಿಸಿಕೊಳ್ಳಿ. ಕೇಳಿದ ತಕ್ಷಣ ಅದು ಸಿದ್ಧವಾಗುವುದಿಲ್ಲ. ಹೆಚ್ಚು ಫೋಟೊಗಳಿದ್ದರೆ ಗಂಟೆಗಳೂ ಹಿಡಿಯಬಹುದು, ದಿನಗಳೂ ಹಿಡಿಯಬಹುದು. ಪೆನ್‌ಡ್ರೈವಿಗೆ ಹಾಕಿ, ಮನೆಯ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು, ನಾಲ್ಕಾರು ಫೋಟೊ ಕಣ್ಣಾರೆ ಕಂಡ ಮೇಲಷ್ಟೇ ಮುಂದಿನ ಹೆಜ್ಜೆ. ಬ್ಯಾಂಕ್, ಆದಾಯ ತೆರಿಗೆ, ರೈಲ್ವೆ ಟಿಕೆಟ್, ಮಕ್ಕಳ ಪರೀಕ್ಷಾ ಅರ್ಜಿ ಇವುಗಳಲ್ಲೆಲ್ಲ ಹೊಸ ವಿಳಾಸ ನಮೂದಿಸಿ. ಹಳೆಯ ಪೆಟ್ಟಿಗೆ ತೆರೆದಿರುವಾಗಲೇ ಇದನ್ನು ಮುಗಿಸಿಕೊಳ್ಳಬೇಕು, ಏಕೆಂದರೆ ವಿಳಾಸ ಬದಲಿಸುವಾಗ ಕೆಲವರು ಹಳೆಯ ವಿಳಾಸಕ್ಕೇ ಸಂಕೇತ ಕಳಿಸುತ್ತಾರೆ.

ಆಮೇಲೆ ಸೇವೆ ಅಳಿಸುವ ದಾರಿಯಲ್ಲಿ ಹೋಗಿ ಜಿಮೇಲ್ ಒಂದನ್ನೇ ಆರಿಸಿ. ಬೇರೊಂದು ಇ-ಮೇಲ್ ವಿಳಾಸ ಕೇಳುತ್ತದೆ, ಆ ವಿಳಾಸಕ್ಕೆ ಬರುವ ಲಿಂಕ್ ಒತ್ತಿ ಖಚಿತಪಡಿಸುವವರೆಗೆ ಜಿಮೇಲ್ ಹೋಗುವುದಿಲ್ಲ. ಫೋಟೊ, ಡ್ರೈವ್ ಉಳಿಯುತ್ತವೆ. ಅಳಿಸಿದ ಜಿಮೇಲ್ ವಿಳಾಸವನ್ನು ಗೂಗಲ್ ಬೇರೆಯವರಿಗೆ ಕೊಡುವುದಿಲ್ಲ. ಎಲ್ಲ ಕಂಪನಿಗಳೂ ಹಾಗಲ್ಲ. ಯಾಹೂ 2013ರಲ್ಲಿ ಬಹುಕಾಲ ಬಳಸದ ವಿಳಾಸಗಳನ್ನು ಹೊಸಬರಿಗೆ ಹಂಚಿತ್ತು, ಹಳೆಯ ಒಡೆಯರ ಮೇಲ್‌ಗಳು ಹೊಸಬರ ಪೆಟ್ಟಿಗೆಗೆ ಬಂದವು. ಮೈಕ್ರೊಸಾಫ್ಟ್‌ನ ಔಟ್‌ಲುಕ್ ಅಥವಾ ಹಾಟ್‌ಮೇಲ್ ಮುಚ್ಚಿದರೆ 30 ಅಥವಾ 60 ದಿನಗಳ ಅವಧಿ ಆರಿಸಿಕೊಳ್ಳಬಹುದು, ಅಷ್ಟರೊಳಗೆ ಲಾಗಿನ್ ಆದರೆ ಖಾತೆ ಮರಳಿ ತೆರೆಯುತ್ತದೆ. ದಯವಿಟ್ಟು 60ನ್ನೇ ಆರಿಸಿ.

ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಖಾತೆ ತೆಗೆದುಹಾಕಿದರೆ ಅದು ಮುಚ್ಚಿದಂತಲ್ಲ, ಆ ಮೊಬೈಲಿನಿಂದ ಹೊರಬಂದಂತೆ ಅಷ್ಟೇ. ಇನ್ನು ಮುಟ್ಟದೆ ಬಿಟ್ಟರೂ ಅದು ಸದಾ ಇರುತ್ತದೆ ಎಂದುಕೊಳ್ಳಬೇಡಿ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ತೀರಿಕೊಂಡ ಹಿರಿಯರ ಖಾತೆಯಲ್ಲಿ ಏನಾದರೂ ಇದ್ದರೆ ಇದನ್ನು ಮರೆಯಬೇಡಿ.

ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿರುವುದರಿಂದ ನಮ್ಮ ಜಿಲ್ಲೆಯಲ್ಲಿಯೂ ವಿಜಯಪುರದಲ್ಲಿಯೂ ಎಷ್ಟೋ ಕುಟುಂಬಗಳು ಈಗಲೂ ಮನೆಯ ಫೋಟೊ, ಉತಾರ, ನೋಟಿಸುಗಳನ್ನು ಮೊಬೈಲಿನಲ್ಲಿಟ್ಟುಕೊಂಡು ಕಾಯುತ್ತಿವೆ. ಅವರಲ್ಲಿ ಹಲವರ ಮೇಲ್ ತೆರೆದುಕೊಟ್ಟವರು ಯಾವುದೋ ಸೆಂಟರಿನವರೇ ಆಗಿರುತ್ತಾರೆ. ಇವತ್ತೇ ಖಾತೆಯ 'ಭದ್ರತೆ' ವಿಭಾಗ ತೆರೆದು, ಮರುಪಡೆಯುವ ಮೊಬೈಲ್ ನಂಬರು ಯಾರದಿದೆ ನೋಡಿ. ನಿಮ್ಮದಲ್ಲದಿದ್ದರೆ ಬದಲಿಸಿ, ಪಾಸ್‌ವರ್ಡನ್ನೂ ಬದಲಿಸಿ. ನಿಮ್ಮ ಸಾಧನಗಳ ಪಟ್ಟಿಯಲ್ಲಿ ಸೆಂಟರಿನ ಕಂಪ್ಯೂಟರ್ ಇನ್ನೂ ಕಾಣುತ್ತಿದ್ದರೆ ಅಲ್ಲಿಂದ ಸೈನ್‌ಔಟ್ ಮಾಡಿ.