ಥಾರ್ ಡಿಐಗೆ ಯಾವ ಸೈಜಿನ ಇಂಟರ್‌ಕೂಲರ್? ಮೂರನ್ನೂ ಹಾಕಿ ಚಾರ್ಮಾಡಿ ಹತ್ತಿಸಿ ನೋಡಿದೆ

ನನ್ನದು ಹಳೇ ಥಾರ್ ಡಿಐ, ಫೋರ್ ವೀಲ್. 2523 ಸಿಸಿ ಎಂಜಿನ್, 63 ಅಶ್ವಶಕ್ತಿ. ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದೆ, ಆ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಇಲ್ಲ. ತೋಟ ಇರುವುದು ಮೂಡಿಗೆರೆ ಕಡೆ. ಗೊಬ್ಬರ, ಪೈಪು, ಸಿಮೆಂಟು ಅಂತ ವರ್ಷಕ್ಕೆ ಹತ್ತಾರು ಸಲ ಟ್ರೇಲರ್ ಕಟ್ಟಿಕೊಂಡು ಚಾರ್ಮಾಡಿ ಘಾಟಿ ಹತ್ತಬೇಕು. ಪಿಕಪ್ ಸಾಲದು ಅಂತ ಡೀಸೆಲ್ ಪಂಪಿನಲ್ಲಿ ಎಣ್ಣೆ ಸ್ವಲ್ಪ ಜಾಸ್ತಿ ಮಾಡಿಸಿದ್ದೆ. ಪಿಕಪ್ಪೇನೋ ಬಂತು. ಜೊತೆಗೆ ಕಪ್ಪು ಹೊಗೆಯೂ ಬಂತು.

ಸುಮ್ನೆ ಊಹೆ ಮಾಡುವುದು ಬೇಡ ಅಂತ ಗೇಜುಗಳನ್ನು ಹಾಕಿಸಿದೆ. ಒಂದು ಟರ್ಬೊಗೆ ಹೋಗುವ ಹೊಗೆಯ ಬಿಸಿ ತೋರಿಸುತ್ತದೆ, ಅಂದರೆ ಇಜಿಟಿ. ಇನ್ನೊಂದು ಎಂಜಿನ್ ಒಳಗೆ ಹೋಗುವ ಗಾಳಿಯ ಬಿಸಿ. ಬೂಸ್ಟ್, ಅಂದರೆ ಟರ್ಬೊ ತಳ್ಳುವ ಗಾಳಿಯ ಒತ್ತಡ ನೋಡಲು ಎರಡು: ಟರ್ಬೊ ಬಾಯಲ್ಲಿ ಒಂದು, ಎಂಜಿನ್‌ಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ ಒಂದು. ಟ್ರೇಲರ್‌ನಲ್ಲಿ 50 ಕೆಜಿಯ ಹತ್ತು ಮೂಟೆ ಹಾಕಿ ಏಪ್ರಿಲ್ ಮಧ್ಯಾಹ್ನ ಘಾಟಿ ಹತ್ತಿದೆ. ಅಣ್ಣಪ್ಪಸ್ವಾಮಿ ಗುಡಿಯ ಕೆಳಗಿನ ಏರಿನಲ್ಲಿ ಇಜಿಟಿ 720 ಡಿಗ್ರಿ. ಹೊರಗೆ 31 ಡಿಗ್ರಿ ಇದ್ದ ಗಾಳಿ ಟರ್ಬೊ ದಾಟುವಷ್ಟರಲ್ಲಿ 104 ಆಗಿತ್ತು. ಬೂಸ್ಟ್ ಇದ್ದದ್ದು ಬರೀ 0.7 ಬಾರ್.

ಆ 720 ನೋಡಿ ನನಗೆ ನಿಜವಾಗಿಯೂ ಭಯವಾಯಿತು. ಪಿಸ್ಟನ್ ಅಲ್ಯೂಮಿನಿಯಂನದು, ಅಲ್ಯೂಮಿನಿಯಂ ಕರಗುವುದೇ 660 ಡಿಗ್ರಿಗೆ. ಎಂಜಿನ್ ಆಯಿಲ್ ಮತ್ತು ರಿಂಗುಗಳು ಬಿಸಿಯನ್ನು ಎಳೆದುಕೊಳ್ಳುತ್ತಾ ಇರುವುದರಿಂದ ಪಿಸ್ಟನ್ ಬದುಕಿರುತ್ತದೆ ಅಷ್ಟೇ. ಒಂದು ಓವರ್‌ಟೇಕಿಗೆ ಎರಡು ಸೆಕೆಂಡು 720 ಮುಟ್ಟಿದರೆ ಪರವಾಗಿಲ್ಲ. ಅರ್ಧ ಗಂಟೆ ಅಲ್ಲೇ ನಿಲ್ಲಬಾರದು. ಒಳಗೆ ಹೋಗುವ ಗಾಳಿ ತಣ್ಣಗಾದರೆ ಇಜಿಟಿಯೂ ಇಳಿಯುತ್ತದೆ. ಹೀಗೆ ಶುರುವಾಯಿತು ಇಂಟರ್‌ಕೂಲರ್ ಹುಡುಕಾಟ.

"ಸಾರ್, ದೊಡ್ಡದೇ ಹಾಕಿಬಿಡಿ, ಆಮೇಲೆ ತಲೆನೋವು ಇರಲ್ಲ" ಅಂದರು ಗ್ಯಾರೇಜಿನವರು. ತೋಟದ ಪಕ್ಕದವರು ಚಿಕ್ಕದು ಸಾಕು ಅಂದರು. ಕೊನೆಗೆ ಮೂರು ಸೈಜನ್ನೂ ತಂದು, ಒಂದೊಂದನ್ನು ಕೆಲವು ವಾರ ಹಾಕಿ ಓಡಿಸಿದೆ. ಅದೇ ಲೋಡು, ಅದೇ ಏರು, ಅದೇ ಗೇರು. ಪಂಪನ್ನು ಮತ್ತೆ ಮುಟ್ಟಲಿಲ್ಲ.

ಮೊದಲು ಚಿಕ್ಕದು. 1.3 ಲೀಟರ್ ಡೀಸೆಲ್ ಕಾರಿನಿಂದ ಬಿಚ್ಚಿದ್ದು, ಗುಜರಿಯಲ್ಲಿ ಸಿಕ್ಕಿತು. ಕೋರ್, ಅಂದರೆ ಗಾಳಿ ತಣ್ಣಗಾಗುವ ಜಾಲರಿ ಭಾಗದ ಅಳತೆ 250×150×50 ಮಿಮೀ. ಎಂಜಿನ್ ಪಕ್ಕದಲ್ಲೇ ಕೂರುತ್ತದೆ, ಪೈಪ್ ಗಿಡ್ಡ, ಒಂದೇ ದಿನದ ಕೆಲಸ. ಕಾಲಿಟ್ಟ ಕೂಡಲೇ ಬೂಸ್ಟ್ ಬರುತ್ತದೆ, ಇಂಟರ್‌ಕೂಲರ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಆದರೆ ಘಾಟಿಯಲ್ಲೂ ಗೊತ್ತಾಗಲಿಲ್ಲ. ಒಳಗೆ ಹೋಗುವ ಗಾಳಿ 82 ಡಿಗ್ರಿ, ಇಜಿಟಿ 700. ಬಾನೆಟ್ ಒಳಗಿನ ಬಿಸಿಗಾಳಿಯಲ್ಲೇ ಅದು ಕೂತಿತ್ತು, ತಣ್ಣಗೆ ಮಾಡುವುದಾದರೂ ಯಾವುದರಿಂದ? ಇನ್ನೊಂದು ತೊಂದರೆ ಎರಡು ಬೂಸ್ಟ್ ಗೇಜುಗಳನ್ನು ಪಕ್ಕಪಕ್ಕದಲ್ಲಿ ನೋಡಿದಾಗ ತಿಳಿಯಿತು. ಟರ್ಬೊ ಬಾಯಲ್ಲಿ 0.7 ಬಾರ್, ಮ್ಯಾನಿಫೋಲ್ಡಿನಲ್ಲಿ 0.58. ಅಂದರೆ 0.12 ಬಾರ್ ಆ ಸಣ್ಣ ಕೊಳವೆಗಳಲ್ಲೇ ಕಳೆದುಹೋಗಿತ್ತು. ಎರಡೂವರೆ ಲೀಟರ್ ಎಂಜಿನ್ ಉಸಿರಾಡಲು ಅಷ್ಟು ಜಾಗ ಸಾಲದು. ಹೊಗೆ ಹೆಚ್ಚುಕಮ್ಮಿ ಹಾಗೇ ಇತ್ತು. ಇದರ ಬಗ್ಗೆ ಇದಕ್ಕಿಂತ ಹೇಳಲು ಏನೂ ಇಲ್ಲ.

ಆಮೇಲೆ ದೊಡ್ಡದು. ಹೊಸದು, 600×300×76 ಮಿಮೀ, ಬಾರ್ ಅಂಡ್ ಪ್ಲೇಟ್, ಅಂದರೆ ಪಟ್ಟಿ ಮತ್ತು ತಗಡು ಜೋಡಿಸಿ ಮಾಡಿದ್ದು. ಕೈಯಲ್ಲಿ ಹಿಡಿದಾಗಲೇ ಒಳ್ಳೇ ಮಾಲು ಅನ್ನಿಸುತ್ತದೆ. ಗಟ್ಟಿ, ತೂಕ, ಕಲ್ಲು ಬಡಿದರೂ ಏನೂ ಆಗದು. ಆದರೆ ಥಾರ್ ಮೂತಿಯಲ್ಲಿ ಅಷ್ಟು ಅಗಲದ ಜಾಗ ಎಲ್ಲಿದೆ? ಗ್ರಿಲ್ ಹಿಂದಿನ ಪಟ್ಟಿ ಕತ್ತರಿಸಿ, ಹೊಸ ಬ್ರಾಕೆಟ್ ವೆಲ್ಡ್ ಮಾಡಿ ರೇಡಿಯೇಟರ್ ಮುಂದೆ ಕೂರಿಸಲು ನಾಲ್ಕು ದಿನ ಹಿಡಿಯಿತು.

ಘಾಟಿಯಲ್ಲಿ ಅಂಕಿಗಳು ಚೆನ್ನಾಗಿಯೇ ಬಂದವು. ಗಾಳಿ 46 ಡಿಗ್ರಿ, ಇಜಿಟಿ 661, ಬೂಸ್ಟ್ ನಷ್ಟ ಬರೀ 0.03 ಬಾರ್. ಇದೇ ಸರಿ ಅಂದುಕೊಂಡೆ. ಆಮೇಲೆ ಒಂದು ಹೇರ್‌ಪಿನ್ ತಿರುವು ಬಂತು. ಮುಂದೆ ಬಸ್ಸು, ನಾನು ಎರಡನೇ ಗೇರಿನಲ್ಲಿ ಪೂರ್ತಿ ನಿಧಾನ. ಬಸ್ಸು ತಿರುಗಿದ ಮೇಲೆ ಕಾಲು ಒತ್ತಿದೆ. ಬೂಸ್ಟ್ ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ಗಾಡಿ ಉಬ್ಬಸ ಪಡುತ್ತಾ, ಹಿಂದೆ ಟ್ರೇಲರ್ ಎಳೆಯುತ್ತಾ, ಇನ್ನೇನು ಆಫ್ ಆಗುತ್ತದೆ ಅನ್ನುವಾಗ ಮುಳ್ಳು ನಿಧಾನವಾಗಿ ಎದ್ದಿತು. ಕಾರಣ ಸರಳ. ಇಷ್ಟು ದೊಡ್ಡ ಡಬ್ಬಿ ಮತ್ತು ಉದ್ದದ ಪೈಪುಗಳನ್ನು ಟರ್ಬೊ ಮೊದಲು ತುಂಬಿಸಬೇಕು, ಆಮೇಲೆ ಎಂಜಿನ್‌ಗೆ ಒತ್ತಡ. 63 ಅಶ್ವಶಕ್ತಿಯ ಎಂಜಿನ್ ಕೆಳಗಿನ ಆರ್‌ಪಿಎಂನಲ್ಲಿ ತಳ್ಳುವ ಗಾಳಿಯೇ ಕಮ್ಮಿ, ತುಂಬಲು ಹೊತ್ತು ಬೇಕು. ಪ್ರತಿ ತಿರುವಿನಲ್ಲೂ ಇದೇ ಕಥೆ. ಚಾರ್ಮಾಡಿಯಲ್ಲಿ ತಿರುವಿಗೆ ಬರವಿಲ್ಲ ಅಲ್ವಾ.

ಅದಕ್ಕಿಂತ ಕೆಟ್ಟದ್ದು ತೋಟದೊಳಗೆ ಆಯಿತು. ಫೋರ್ ಲೋ (ಫೋರ್ ವೀಲಿನ ನಿಧಾನದ ಗೇರು) ಹಾಕಿ ಕೆಸರಿನ ಏರಿನಲ್ಲಿ ನಡೆಯುವ ವೇಗದಲ್ಲಿ ಇಪ್ಪತ್ತು ನಿಮಿಷ ಹೋದರೆ ಎದುರಿನಿಂದ ಗಾಳಿಯೇ ಬರುವುದಿಲ್ಲ. ಎಲ್ಲಾ ಗಾಳಿಯನ್ನೂ ಎಂಜಿನ್ ಫ್ಯಾನೇ ಎಳೆಯಬೇಕು, ಅದೂ 76 ಮಿಮೀ ದಪ್ಪದ ಗೋಡೆಯನ್ನು ದಾಟಿಸಿ. ರೇಡಿಯೇಟರ್‌ಗೆ ಸಿಕ್ಕಿದ್ದು ಅಳಿದುಳಿದ ಗಾಳಿ. ನೀರಿನ ಬಿಸಿಯ ಮುಳ್ಳು ಅಷ್ಟು ವರ್ಷದಲ್ಲಿ ಮೊದಲ ಸಲ ಮುಕ್ಕಾಲು ದಾಟಿತು. ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಎಂಜಿನ್ ಐಡಲಿನಲ್ಲೇ ಬಿಟ್ಟು ಕಾದೆ. ಪಿಸ್ಟನ್ ಉಳಿಸಲು ಹೋಗಿ ಹೆಡ್ ಗ್ಯಾಸ್ಕೆಟ್ ಕಳೆದುಕೊಳ್ಳುವುದು ಯಾವ ಲೆಕ್ಕ?

ಹಾಗಂತ ದೊಡ್ಡದು ಕೆಟ್ಟದ್ದಲ್ಲ. ಆಸ್ಟ್ರೇಲಿಯಾದಲ್ಲಿ ಲ್ಯಾಂಡ್ ಕ್ರೂಸರ್ 70 ಸರಣಿಯ 4.5 ಲೀಟರ್ ವಿ8 ಡೀಸೆಲ್‌ಗೆ ಕಾರ್ಖಾನೆಯಿಂದ ಇಂಟರ್‌ಕೂಲರ್ ಬಂದದ್ದು ಬಾನೆಟ್ ಮೇಲಿನ ಸ್ಕೂಪಿನ ಕೆಳಗೆ. ಅದನ್ನು ತೆಗೆದು ಮುಂದೆ ದೊಡ್ಡದು ಹಾಕಿಸುವವರು ಅಲ್ಲಿ ತುಂಬಾ ಜನ. ಎರಡು ಮೂರು ಟನ್ ಕ್ಯಾರವಾನ್ ಕಟ್ಟಿಕೊಂಡು ನೇರ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಹೋಗುವವರಿಗೆ ಅದು ಸರಿಯಾದ ಆಯ್ಕೆ. ಗಾಳಿ ಧಾರಾಳ, ಎಂಜಿನ್ ದೊಡ್ಡದು, ಬೂಸ್ಟ್ ಒಂದೇ ಸಮ. ನಮ್ಮ ಮಲೆನಾಡಿನ ಓಟ ಅದಲ್ಲ.

ಮೂರನೆಯದು ಮಧ್ಯಮ. ನನ್ನ ಎಂಜಿನ್ ಸೈಜಿನದೇ ಬೇರೊಂದು ಡೀಸೆಲ್ ಗಾಡಿಯಿಂದ ಬಿಚ್ಚಿದ್ದು, ಬೆಂಗಳೂರಿನ ಗುಜರಿಯಿಂದ ತರಿಸಿದೆ. ಕೋರ್ 450×230×50 ಮಿಮೀ, ಟ್ಯೂಬ್ ಅಂಡ್ ಫಿನ್, ಅಂದರೆ ಕೊಳವೆಗಳ ನಡುವೆ ತೆಳು ತಗಡಿನ ಫಿನ್ ಇರುವಂಥದ್ದು. ಹಾಕುವ ಮುಂಚೆ ಒಳಗೆ ಸೀಮೆಎಣ್ಣೆ ಸುರಿದು, ಎರಡು ಬಾಯಿಗೂ ಬಟ್ಟೆ ತುರುಕಿ ಅಲ್ಲಾಡಿಸಿದೆ. ಬಗ್ಗಿಸಿದರೆ ಟಾರಿನಂಥ ಕಪ್ಪು ಎಣ್ಣೆ ಬಂತು, ಅದರಲ್ಲಿ ಅಲ್ಯೂಮಿನಿಯಂ ಚೂರುಗಳು ಮಿನುಗುತ್ತಿದ್ದವು. ಹಳೇ ಗಾಡಿಯ ಟರ್ಬೊ ಒಡೆದದ್ದರ ಗುರುತು ಅದು. ನಾಲ್ಕು ಸಲ ತೊಳೆದ ಮೇಲೆ ಸೀಮೆಎಣ್ಣೆ ಸ್ವಚ್ಛವಾಗಿ ಬಂತು. ಎರಡು ದಿನ ಬಿಸಿಲಿನಲ್ಲಿ ಬಾಯಿ ಕೆಳಗೆ ಮಾಡಿ ಒಣಗಿಸಿದೆ. ಇದನ್ನು ದಯವಿಟ್ಟು ಯಾರೂ ಬಿಡಬೇಡಿ. ಒಂದು ಚೂರು ಒಳಗೆ ಹೋದರೂ ಸಿಲಿಂಡರ್ ಗೋಡೆ ಗೀರುತ್ತದೆ. ಒಳಗೆ ಎಣ್ಣೆ ನಿಂತಿದ್ದರೆ ಎಂಜಿನ್ ಅದನ್ನೇ ಕುಡಿದು ಕೀ ತೆಗೆದರೂ ನಿಲ್ಲದೆ ಓಡಬಹುದು.

ಅದೇ ಏರಿನಲ್ಲಿ ಗಾಳಿ 52 ಡಿಗ್ರಿ, ಇಜಿಟಿ 668, ಬೂಸ್ಟ್ ನಷ್ಟ 0.05 ಬಾರ್. ದೊಡ್ಡದಕ್ಕೂ ಇದಕ್ಕೂ ಇಜಿಟಿಯಲ್ಲಿ ಏಳೇ ಡಿಗ್ರಿ ವ್ಯತ್ಯಾಸ. ಆದರೆ ಹೇರ್‌ಪಿನ್ನಿನಲ್ಲಿ ಕಾಲಿಟ್ಟರೆ ಒಂದು ಉಸಿರು ತಡವಾಗಿ ಬೂಸ್ಟ್ ಬರುತ್ತದೆ, ಅಷ್ಟೇ. ಫೋರ್ ಲೋದಲ್ಲಿ ಅದೇ ಕೆಸರಿನ ಏರು ಹತ್ತಿಸಿದೆ, ನೀರಿನ ಮುಳ್ಳು ಅರ್ಧದ ಮೇಲೆ ಹೋಗಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕಪ್ಪು ಹೊಗೆ ಇಲ್ಲ, ಗೇರ್ ಬದಲಾಯಿಸುವಾಗ ಮಾತ್ರ ತೆಳ್ಳಗೆ ಒಂದು ಎಳೆ.

ಹೀಗ್ಯಾಕೆ ಅಂದರೆ, ಇಂಟರ್‌ಕೂಲರ್‌ಗೆ ಮುಖ್ಯ ಎದುರಿಗಿರುವ ಮುಖದ ಅಗಲ, ದಪ್ಪ ಅಲ್ಲ. ಚಿಕ್ಕದರ ಮುಖ 375 ಚದರ ಸೆಂಮೀ, ಮಧ್ಯಮದ್ದು 1035, ದೊಡ್ಡದು 1800. ದಪ್ಪ ಕೋರಿನಲ್ಲಿ ಮುಂದಿನ ಭಾಗ ತಣ್ಣನೆ ಗಾಳಿ ತಿನ್ನುತ್ತದೆ, ಹಿಂದಿನ ಭಾಗಕ್ಕೆ ಸಿಗುವುದು ಆಗಲೇ ಬಿಸಿಯಾದ ಗಾಳಿ. ರೇಡಿಯೇಟರ್ ಮುಂದೆ ಕೂರಿಸುವುದಾದರೆ ಅಗಲವಾಗಿ ತೆಳ್ಳಗಿರುವುದನ್ನೇ ಹುಡುಕಿ.

ಇನ್ನೊಂದು ಮಾತು. ಇಂಟರ್‌ಕೂಲರ್ ಹಾಕಿದ ಮಾತ್ರಕ್ಕೆ ಗಾಡಿ ಹಾರುತ್ತದೆ ಅಂತ ಅಂದುಕೊಳ್ಳಬೇಡಿ. ಇಂಥ ಹಳೇ ಪಂಪಿನ ಡೀಸೆಲ್ ಎಂಜಿನ್‌ಗಳಲ್ಲಿ ಶಕ್ತಿ ಬರುವುದು ಎಷ್ಟು ಎಣ್ಣೆ ಹೋಗುತ್ತದೆ ಅನ್ನುವುದರಿಂದ. ತಣ್ಣನೆ ಗಾಳಿ ಆ ಎಣ್ಣೆಯನ್ನು ಪೂರ್ತಿ ಉರಿಸಲು ಸಹಾಯ ಮಾಡುತ್ತದೆ. ಪಂಪ್ ಮುಟ್ಟದ ಗಾಡಿಯಲ್ಲಿ ಪಿಕಪ್ ವ್ಯತ್ಯಾಸ ಸ್ವಲ್ಪವೇ. ಅಂಥವರು ಆ ದುಡ್ಡಿನಲ್ಲಿ ಟೈರ್ ಹಾಕಿಸಿಕೊಳ್ಳಲಿ ಅನ್ನುತ್ತೇನೆ.

ಈಗ ಮಧ್ಯಮದ್ದೇ ಗಾಡಿಯಲ್ಲಿದೆ. ಎಲ್ಲಾ ಹೋಸ್ ಬಾಯಿಗೂ ಟಿ-ಬೋಲ್ಟ್ ಕ್ಲ್ಯಾಂಪ್ ಹಾಕಿದ್ದೇನೆ, ಸಾದಾ ಸ್ಕ್ರೂ ಕ್ಲ್ಯಾಂಪ್ ಎರಡು ಸಲ ಜಾರಿತ್ತು. ಸೋಪಿನ ನೀರು ಹಚ್ಚಿ, ಗಾಳಿ ತುಂಬಿಸಿ ಗುಳ್ಳೆ ಬರುತ್ತದೆಯೇ ಅಂತ ನೋಡಿದರೆ ಸೋರುವ ಜಾಗ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಫಿನ್ ಸಂದಿಗೆ ಕೆಂಪು ಮಣ್ಣು ಮೆತ್ತಿಕೊಳ್ಳುತ್ತದೆ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಫಿನ್ ಮಡಚಿಹೋಗುತ್ತದೆ, ಅದಕ್ಕೆ ಸಾದಾ ಪೈಪಿನಲ್ಲಿ ಹಿಂದಿನಿಂದ ಮುಂದಕ್ಕೆ ನೀರು ಬಿಡುತ್ತೇನೆ. ವಾರಕ್ಕೊಮ್ಮೆ ಹತ್ತು ನಿಮಿಷದ ಕೆಲಸ. ಹೋದ ಶನಿವಾರ ಮತ್ತೆ ಹತ್ತು ಮೂಟೆ ಹೇರಿಕೊಂಡು ಬಂದೆ, ಗುಡಿಯ ಹತ್ತಿರ ಇಜಿಟಿ 664 ಇತ್ತು.