ಗ್ರೇಡ್ ಹೇಳದವನಿಂದ ಉಕ್ಕು ಕೊಳ್ಳಬೇಡಿ

ಚಾಕು ತಯಾರಿಸುವ ಕೆಲಸಕ್ಕೆ ಈಗಷ್ಟೇ ಕೈಹಾಕಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಡಿಮೆ ಬೆಲೆಗೆ ಒಂದು ಕಟ್ಟು ಉಕ್ಕಿನ ಪಟ್ಟಿ ಸಿಗುತ್ತಿದೆ ಎಂದು ಹಣ ಕೊಡಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ಅಂಥ ಒಂದು ಕಟ್ಟಿಗೆ ನನ್ನ ಆರು ವಾರಗಳ ದುಡಿಮೆ ಬಲಿಯಾಯಿತು. ಅದರ ಜೊತೆಗೇ ಬಂದ ಒಂದು ಪೈಪಿನಿಂದಾಗಿ ರಾತ್ರಿಯಿಡೀ ಚಳಿಜ್ವರದಲ್ಲಿ ನಡುಗಿದೆ.

ಹೊಸಬರಿಗೆ ಬೇಕಾದ ಕುಲುಮೆಯ ಸಾಮಾನೆಲ್ಲ ಒಟ್ಟಿಗೆ ಎಂದು ಹೇಳಿ ಆ ಮಾರಾಟಗಾರ ಕೊಟ್ಟದ್ದು ಇಷ್ಟು: ಹತ್ತು ಉಕ್ಕಿನ ಪಟ್ಟಿ, ಕುಲುಮೆಯ ಒಳಗೋಡೆಗೆ ಸೆರಾಮಿಕ್ ಉಣ್ಣೆ, ಪೈಪು ಜೋಡಿಸಿ ಮಾಡಿದ ಗ್ಯಾಸ್ ಬರ್ನರ್, ಒಂದು ಚಿಕ್ಕ ಅಡೆಗಲ್ಲು. ಬಿಡಿಬಿಡಿಯಾಗಿ ಕೊಂಡರೆ ಆಗುವ ಖರ್ಚಿನ ಅರ್ಧವೂ ಆಗಿರಲಿಲ್ಲ. ಉಕ್ಕು ಯಾವ ಗ್ರೇಡ್, ಅಂದರೆ ಅದರಲ್ಲಿ ಇಂಗಾಲ ಮೊದಲಾದವು ಎಷ್ಟಿವೆ ಎಂದು ತಿಳಿಸುವ ದರ್ಜೆ ಯಾವುದು ಎಂದು ನಾನು ಕೇಳಿದ್ದೆ. ‘ಹೈ ಕಾರ್ಬನ್, ಒಳ್ಳೆಯ ಮಾಲು, ಎಲ್ಲರೂ ಇದನ್ನೇ ಒಯ್ಯುತ್ತಾರೆ’ ಎಂದ. ಅದು ನನ್ನ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಅಲ್ಲಿಯೇ ಎದ್ದು ಬರಬೇಕಿತ್ತು.

ಮೊದಲ ಅಲಗನ್ನು ತಂಗಿಗೆ ಕೊಡಬೇಕೆಂದು ಮಾಡಿದೆ. ಬಡಿದು ಆಕಾರಕ್ಕೆ ತಂದು, ಅರದಿಂದ ಉಜ್ಜಿ, ಅಂಚು ತೆಳುವಾಗಿಸಲು ಎರಡು ವಾರ ಹಿಡಿಯಿತು. ಹದ ಹಾಕುವ, ಅಂದರೆ ಕಾಯಿಸಿ ತಟ್ಟನೆ ತಣಿಸಿ ಉಕ್ಕನ್ನು ಗಡಸಾಗಿಸುವ ದಿನ ಅಯಸ್ಕಾಂತ ಅಂಟದಷ್ಟು ಕಾಯಿಸಿ, ಅದಕ್ಕಿಂತ ತುಸು ಹೆಚ್ಚೇ ಬಿಸಿಮಾಡಿ, ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿದೆ. ಆರಿದ ಮೇಲೆ ಅಂಚಿನ ಮೇಲೆ ಅರ ಇಟ್ಟು ತಳ್ಳಿದೆ. ಹದ ಹಿಡಿದಿದ್ದರೆ ಅರ ಗಾಜಿನ ಮೇಲೆ ಜಾರಿದಂತೆ ಜಾರಬೇಕು. ನನ್ನ ಅರ ಕಚ್ಚಿಕೊಂಡಿತು. ಮಸಿಯ ಕೆಳಗಿನಿಂದ ಬೆಳ್ಳಗೆ ಹೊಳೆಯುವ ಗೀರು ಮೂಡಿತು, ಅರದ ಹಲ್ಲುಗಳಲ್ಲಿ ಲೋಹದ ಪುಡಿ ಸಿಕ್ಕಿಕೊಂಡಿತು. ಬೆರಳಲ್ಲಿ ಆ ಪುಡಿಯನ್ನು ಒರೆಸಿಕೊಳ್ಳುತ್ತ ಬಹಳ ಹೊತ್ತು ಕುಳಿತಿದ್ದೆ.

ತಪ್ಪು ನನ್ನದೇ ಎಂದುಕೊಂಡೆ. ಹೊಸಬರೆಲ್ಲರೂ ಹಾಗೆಯೇ ಅಂದುಕೊಳ್ಳುತ್ತಾರೆ, ಇಂಥ ಮಾಲು ಮಾರುವವರಿಗೆ ರಕ್ಷಣೆಯೂ ಅದೇ. ಬಿಸಿ ಹೆಚ್ಚಿಸಿ ನೋಡಿದೆ, ಎಣ್ಣೆ ಬದಲಿಸಿದೆ, ಕೊನೆಗೆ ನೀರಿನಲ್ಲೂ ಅದ್ದಿದೆ. ಎರಡನೆಯ ಅಲಗು ಹಾಗೆಯೇ ಹೋಯಿತು, ಮೂರನೆಯದೂ ಹೋಯಿತು. ಆರನೆಯ ವಾರ, ವರ್ಷಗಟ್ಟಲೆ ಈ ಕೆಲಸ ಮಾಡಿದ ಹಿರಿಯರೊಬ್ಬರು ಉಳಿದಿದ್ದ ಒಂದು ಪಟ್ಟಿಯನ್ನು ಗ್ರೈಂಡರಿಗೆ ಹಿಡಿದರು. ಕಿಡಿಗಳು ಉದ್ದನೆಯ ಗೆರೆಗಳಾಗಿ ಹೊರಟು, ಹೆಚ್ಚು ಕವಲೊಡೆಯದೆ ಆರಿಹೋದವು. ಅದರ ಬೆನ್ನಿಗೇ ಒಂದು ಹಳೆಯ ಅರವನ್ನು ಹಿಡಿದರು. ಆ ಕಿಡಿಗಳು ಚಕ್ರದ ಹತ್ತಿರವೇ ಸಿಡಿದು, ಪೊದೆಯಂತೆ ಕವಲು ಕವಲಾಗಿ ಹರಡಿದವು. ‘ನಿನ್ನದು ಎಂಎಸ್ ಪಟ್ಟಿ’ ಎಂದರು. ಅಷ್ಟೇ.

ಎಂಎಸ್ ಎಂದು ಕರೆಯುವ ಮೃದು ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ಶೇ. 0.25ನ್ನು ಮೀರುವುದಿಲ್ಲ. ಚಾಕುವಿನ ಅಂಚು ನಿಲ್ಲುವಷ್ಟು ಗಡಸಾಗಲು ಅದು ಸಾಲದು. ಯಾವ ಎಣ್ಣೆಯಲ್ಲಿ, ಎಷ್ಟು ಸಲ ಅದ್ದಿದರೂ ಹದ ಹಿಡಿಯುವುದಿಲ್ಲ. ಹೊಸಬರಿಗೆ ಅನುಭವಿಗಳು ಹೇಳುವುದು 1084 ಅಥವಾ 1075 ಉಕ್ಕನ್ನು. ಕೊನೆಯ ಎರಡು ಅಂಕಿಗಳೇ ಇಂಗಾಲದ ಲೆಕ್ಕ: 1084ರಲ್ಲಿ ಸುಮಾರು ಶೇ. 0.84. ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕು ಅಯಸ್ಕಾಂತದ ಹಿಡಿತ ಕಳೆದುಕೊಳ್ಳುತ್ತದೆ. ಅಲ್ಲಿಂದ ತುಸು ಮೇಲಕ್ಕೆ, 815ರ ಆಸುಪಾಸಿಗೆ ಹೋಗಿ ಎಣ್ಣೆಗೆ ಇಳಿಸಿದರೆ 1084 ಹದ ಹಿಡಿಯುತ್ತದೆ. ದುಬಾರಿ ಒಲೆಯಿಲ್ಲದ, ಕಣ್ಣಂದಾಜಿನಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಅದು ಒಲಿಯುವುದು ಇದೇ ಕಾರಣಕ್ಕೆ.

ಗುಜರಿಯ ಉಕ್ಕು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿ ಬಹುಮಟ್ಟಿಗೆ ಹದ ಹಿಡಿಯುವ ಉಕ್ಕೇ. ಆದರೆ ವರ್ಷಗಟ್ಟಲೆ ಭಾರ ಹೊತ್ತು ಬಾಗಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು, ಅವು ಎಣ್ಣೆಯಲ್ಲಿ ಅದ್ದಿದ ದಿನ ಬಾಯಿ ಬಿಡುತ್ತವೆ. ಹಳೆಯ ಅರ ಒಳ್ಳೆಯದು, ಆದರೆ ಕೆಲವು ಅಗ್ಗದ ಅರಗಳಿಗೆ ಮೇಲ್ಪದರ ಮಾತ್ರ ಗಡಸು. ಕಟ್ಟಡದ ಸರಳಿನ ಗೊಡವೆಗೆ ಹೋಗಲೇಬೇಡಿ. ಯಾವುದೇ ಆಗಲಿ, ಅಲಗಿಗೆ ಕೈಹಾಕುವ ಮೊದಲು ಬೆರಳಗಲದ ತುಂಡೊಂದನ್ನು ಕತ್ತರಿಸಿ, ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ವೈಸಿಗೆ ಸಿಕ್ಕಿಸಿ ಬಟ್ಟೆ ಸುತ್ತಿ ಸುತ್ತಿಗೆಯಿಂದ ಹೊಡೆಯಿರಿ. ಕಣ್ಣಿಗೆ ಕನ್ನಡಕ ಇರಲೇಬೇಕು. ತಟ್ಟನೆ ಮುರಿದರೆ ಅದು ಹದ ಹಿಡಿಯುವ ಉಕ್ಕು. ಬಾಗಿದರೆ ಅಲಗಿಗೆ ಬೇಡ. ಹತ್ತು ನಿಮಿಷದ ಈ ಪರೀಕ್ಷೆ ನನಗೆ ಮೊದಲೇ ಗೊತ್ತಿದ್ದರೆ ಆರು ವಾರ ಉಳಿಯುತ್ತಿತ್ತು.

ಇನ್ನು ಆ ಪೈಪಿನ ಮಾತು. ಉಕ್ಕಿನಿಂದ ಹೋದದ್ದು ಸಮಯ ಮತ್ತು ಹಣ, ಪೈಪಿನಿಂದ ಅದಕ್ಕಿಂತ ದೊಡ್ಡದೇ ಹೋಗಬಹುದಿತ್ತು.

ಬರ್ನರಿನ ಮೂತಿಗೆ ಜೋಡಿಸಿದ್ದು ಜಿಐ ಪೈಪು, ಅಂದರೆ ತುಕ್ಕು ಹಿಡಿಯದಿರಲೆಂದು ಸತುವಿನ ಲೇಪನ ಕೊಟ್ಟದ್ದು. ಸತು 907 ಡಿಗ್ರಿಯಲ್ಲಿ ಕುದಿದು ಆವಿಯಾಗುತ್ತದೆ, ಕುಲುಮೆಯ ಬಾಯಿ ಅದನ್ನು ಸುಲಭವಾಗಿ ದಾಟುತ್ತದೆ. ಮೊದಲ ಸಲ ಉರಿ ಹಚ್ಚಿದಾಗ ಮೂತಿಯ ಸುತ್ತ ಹಸಿರು ಬೆರೆತ ನೀಲಿ ಜ್ವಾಲೆ ಕಾಣಿಸಿತು, ದಟ್ಟವಾದ ಬಿಳಿಯ ಹೊಗೆ ಎದ್ದಿತು. ಪೈಪಿನ ಮೇಲೆ ಹಳದಿ ಪುಡಿ ಕೂತಿತ್ತು, ಅದು ಆರುತ್ತ ಆರುತ್ತ ಬೆಳ್ಳಗಾಯಿತು. ಹೊಸ ಪೈಪಿನ ಬಣ್ಣ ಸುಡುತ್ತಿದೆ ಎಂದುಕೊಂಡು ಕೆಲಸ ಮುಂದುವರಿಸಿದೆ. ಗಾಳಿ ಜೋರಾಗಿದ್ದುದರಿಂದ ಶೆಡ್ಡಿನ ಬಾಗಿಲನ್ನು ಅರ್ಧ ಎಳೆದುಕೊಂಡಿದ್ದೆ.

ಸಂಜೆಯ ಹೊತ್ತಿಗೆ ಬಾಯಲ್ಲಿ ಲೋಹದ ರುಚಿ. ರಾತ್ರಿ ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟಿಸುವಷ್ಟು ಚಳಿ, ಮೈಕೈ ನೋವು, ಎದೆಯಲ್ಲಿ ಬಿಗಿತ. ವೈದ್ಯರು ಮೊದಲು ಕೇಳಿದ್ದು ‘ವೆಲ್ಡಿಂಗ್ ಮಾಡುತ್ತೀರಾ’ ಎಂದು. ಲೋಹದ ಹೊಗೆ ಉಸಿರಿಗೆ ಸೇರಿ ಬರುವ ಈ ಜ್ವರ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ನನಗೂ ಇಳಿಯಿತು. ಆದರೆ ಮುಚ್ಚಿದ ಜಾಗದಲ್ಲಿ ಇನ್ನೂ ಹೆಚ್ಚು ಹೊಗೆ ಕುಡಿದಿದ್ದರೆ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಭಯವಾಗುತ್ತದೆ. ಬೆಂಕಿಗೆ ಹತ್ತಿರವಾಗುವ ಯಾವ ಭಾಗಕ್ಕೂ ಸತುವಿನ ಲೇಪನ ಬೇಡ, ಕ್ರೋಮ್ ಮೆರುಗಿನ ತುಂಡೂ ಬೇಡ. ಲೇಪನವಿಲ್ಲದ ಕಪ್ಪು ಪೈಪು ಕೇಳಿ ತನ್ನಿ. ಕುಲುಮೆಯನ್ನು ಬಯಲಲ್ಲಿ ಹಚ್ಚಿ. ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಇನ್ನೂ ಅಪಾಯಕಾರಿ.

ಉಣ್ಣೆಯನ್ನೂ ಹಾಗೆಯೇ ಬರಿಯದಾಗಿ ಕೊಟ್ಟಿದ್ದ. ಬೆಂಕಿ ತಡೆಯುವ ಲೇಪನ ಹಚ್ಚದಿದ್ದರೆ ಅದರ ಸೂಕ್ಷ್ಮ ಎಳೆಗಳು ಗಾಳಿಯಲ್ಲಿ ತೇಲಿ ಶ್ವಾಸಕೋಶ ಸೇರುತ್ತವೆ. ಲೇಪನದ ಖರ್ಚು ಉಳಿಸಬೇಡಿ, ಕತ್ತರಿಸುವಾಗ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ. ಅಡೆಗಲ್ಲು ಎರಕದ ಕಬ್ಬಿಣದ್ದು, ಮೂರನೆಯ ವಾರ ಅದರ ಅಂಚು ಚಕ್ಕೆ ಎದ್ದಿತು. ಚಿಕ್ಕ ಉಕ್ಕಿನ ಗುಂಡೊಂದನ್ನು ಮೇಲಿನಿಂದ ಬಿಟ್ಟು ನೋಡಿದ್ದರೆ ಅಂದೇ ತಿಳಿಯುತ್ತಿತ್ತು. ಒಳ್ಳೆಯ ಅಡೆಗಲ್ಲು ಗುಂಡನ್ನು ಬಿಟ್ಟ ಎತ್ತರದ ಬಹುಪಾಲಿಗೆ ಪುಟಿಸುತ್ತದೆ, ನನ್ನದರ ಮೇಲೆ ಅದು ಸತ್ತಂತೆ ಬೀಳುತ್ತಿತ್ತು. ಈಗ ಗುಜರಿಯಿಂದ ತಂದ ಭಾರವಾದ ಉಕ್ಕಿನ ದಿಮ್ಮಿಯ ಮೇಲೆ ಬಡಿಯುತ್ತೇನೆ, ಏನೂ ಕೊರತೆಯಿಲ್ಲ. ನಿಜವಾಗಿ ಹಣ ಉಳಿಸಬಹುದಾದದ್ದು ಇಲ್ಲಿಯೇ. ಇದ್ದಿಲು, ಹಳೆಯ ಬ್ರೇಕ್ ಡ್ರಮ್, ಕೂದಲು ಒಣಗಿಸುವ ಯಂತ್ರದ ಗಾಳಿ, ಇಷ್ಟರಲ್ಲೇ ಅಲಗು ಕಾಯಿಸುವಷ್ಟು ಕುಲುಮೆ ಆಗುತ್ತದೆ.

ಹಣ ವಾಪಸು ಕೇಳಿದಾಗ ಆತ ರಸೀದಿ ತೋರಿಸಿ ಎಂದ. ರಸೀದಿಯಲ್ಲಿ ‘ಪಟ್ಟಿ, ಹತ್ತು’ ಎಂದಷ್ಟೇ ಇತ್ತು. ಆದ್ದರಿಂದ ಗ್ರೇಡನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ, ಸಾಧ್ಯವಾದರೆ ಕಾರ್ಖಾನೆಯ ಪರೀಕ್ಷಾ ಪತ್ರದ ಪ್ರತಿಯನ್ನೂ ಕೇಳಿ. ನಿಜವಾದ ಮಾಲು ಇರುವವರು ಬರೆದುಕೊಡಲು ಹಿಂಜರಿಯುವುದಿಲ್ಲ. ಹತ್ತು ಅನಾಮಿಕ ಪಟ್ಟಿಗಳ ಬದಲು ಗ್ರೇಡ್ ಗೊತ್ತಿರುವ ಒಂದೇ ಒಂದನ್ನು ಕೊಂಡರೂ ಸಾಕು.

ಕಳೆದ ತಿಂಗಳು ನಾನು ತಂದದ್ದೂ 1084ರ ಒಂದೇ ಪಟ್ಟಿ. ಮೊದಲು ಮೂಲೆಯ ತುಂಡು ಕತ್ತರಿಸಿ ಹದ ಹಾಕಿ ಮುರಿದೆ. ಮುರಿದ ಮೈ ಹರಳು ಕಾಣದಷ್ಟು ನಯವಾದ ಬೂದುಬಣ್ಣದ್ದಾಗಿತ್ತು. ಹಳೆಯ ಕಟ್ಟಿನಲ್ಲಿ ಉಳಿದ ಏಳು ಪಟ್ಟಿಗಳ ತುದಿಗೆ ಕೆಂಪು ಬಣ್ಣ ಬಳಿದು ಬೇರೆ ಇಟ್ಟಿದ್ದೇನೆ, ಇಕ್ಕಳದ ಹಿಡಿಗೆ ಬರುತ್ತವೆ.